ಚಿಕ್ಷುರನಿಗೆ ವಿಗ್ರಹವಿಲ್ಲ: ಸ್ವಾಮಿನಿಷ್ಠೆ, ಋಣ ಮತ್ತು ಅನುಯಾಯಿಯ ಹೊಣೆ

ಸಾರಾಂಶ

ನಾಯಕನ ತಪ್ಪಿಗೆ ನಾಯಕನೇ ಹೊಣೆ, ಹಿಂಬಾಲಿಸಿದವರು ಬರೀ ಹಿಂಬಾಲಿಸಿದವರು ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದರ ಬೇರು ಕನ್ನಡದ 'ಋಣ'ದ ಕಲ್ಪನೆಯಲ್ಲಿದೆ ಎಂಬುದು ಈ ಲೇಖನದ ಒಂದು ವಾದ. ಆದರೆ ಅದೇ ಋಣದ ಪರಂಪರೆ ಮೂಲದಲ್ಲಿ ಅನುಯಾಯಿಯನ್ನು ಹೊಣೆಯಿಂದ ಬಿಡಿಸುತ್ತಿರಲಿಲ್ಲ, ನಿಷ್ಠೆಯ ಬೆಲೆಯನ್ನು ಅವನ ಮೈಯಿಂದಲೇ ವಸೂಲು ಮಾಡುತ್ತಿತ್ತು ಎಂಬುದು ಇನ್ನೊಂದು. ಚಾಮುಂಡಿ ಬೆಟ್ಟದ ಪುರಾಣ, ಹೊಯ್ಸಳರ ಕಾಲದ ಆತ್ಮಬಲಿಯ ದಾಖಲೆಗಳು, 1830ರ ನಗರದ ರೈತರ ದಂಗೆ, 1942ರ ಈಸೂರು, 1947ರ ಮೈಸೂರು ಚಲೋ ಮತ್ತು ಈಚಿನ ಕೆಲವು ಪ್ರಸಂಗಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

1. ಬೆಟ್ಟದ ಮೇಲೆ ಇಲ್ಲದವರು

ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವರಿಗೆ ಮೊದಲು ಎದುರಾಗುವವನು ಮಹಿಷ. ಒಂದು ಕೈಯಲ್ಲಿ ಎತ್ತಿ ಹಿಡಿದ ಕತ್ತಿ, ಇನ್ನೊಂದರಲ್ಲಿ ಹಾವು, ಮೈತುಂಬ ಬಣ್ಣ. ಅವನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಹೋಗುವ ಪ್ರವಾಸಿಗರು ಕಡಿಮೆ. ಇವನು ಅಸುರನಲ್ಲ, ಈ ನೆಲದ ಮೂಲ ದೊರೆ ಎನ್ನುವವರು ಈಚಿನ ವರ್ಷಗಳಲ್ಲಿ ಮಹಿಷ ದಸರಾ ಆಚರಿಸುತ್ತಿದ್ದಾರೆ. ದೊರೆಯೋ ದೈತ್ಯನೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಒಂದು ವಿಷಯದಲ್ಲಿ ಎರಡು ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ: ಇಬ್ಬರ ಕತೆಯಲ್ಲೂ ಮಹಿಷ ಒಬ್ಬಂಟಿ.

ಪುರಾಣದಲ್ಲಿ ಅವನು ಒಬ್ಬಂಟಿಯಲ್ಲ. ಮಾರ್ಕಂಡೇಯ ಪುರಾಣದೊಳಗಿನ ದೇವೀಮಹಾತ್ಮೆ ಅವನ ಸೇನಾನಿಗಳ ಹೆಸರುಗಳನ್ನು ಸಾಲಾಗಿ ಕೊಡುತ್ತದೆ: ಚಿಕ್ಷುರ, ಚಾಮರ, ಉದಗ್ರ, ಮಹಾಹನು, ಅಸಿಲೋಮ, ಬಾಷ್ಕಲ, ಬಿಡಾಲ. ಉದಗ್ರನದು 60,000 ರಥ, ಮಹಾಹನುವಿನದು ಒಂದು ಕೋಟಿ ಎಂದು ಲೆಕ್ಕವನ್ನೂ ಹೇಳುತ್ತದೆ. ನವರಾತ್ರಿಯಲ್ಲಿ ಚಿದಾನಂದಾವಧೂತರ ಕನ್ನಡ ದೇವೀಮಹಾತ್ಮೆಯನ್ನು ಪಾರಾಯಣ ಮಾಡುವ ಮನೆಗಳಲ್ಲಿ ಈ ಹೆಸರುಗಳು ಇಂದಿಗೂ ಕಿವಿಗೆ ಬೀಳುತ್ತವೆ. ಆದರೂ ಬೆಟ್ಟದ ಮೇಲೆ ಚಿಕ್ಷುರನಿಗೆ ಒಂದು ವಿಗ್ರಹವಿಲ್ಲ.

ಕತೆಯ ಎರಡು ಗಳಿಗೆಗಳು ನಮ್ಮ ವಿಷಯಕ್ಕೆ ಮುಖ್ಯ. ದೇವಿಯ ಅಟ್ಟಹಾಸ ಲೋಕವನ್ನೆಲ್ಲ ನಡುಗಿಸಿದಾಗ ಮಹಿಷ ಇದೇನೆಂದು ಸಿಟ್ಟಿನಿಂದ ಸದ್ದು ಬಂದತ್ತ ಓಡುತ್ತಾನೆ; ಅಸುರರೆಲ್ಲ ಅವನನ್ನು ಸುತ್ತುವರಿದು ಓಡುತ್ತಾರೆ. ಎಲ್ಲಿಗೆ, ಏಕೆ ಎಂದು ಕೇಳಿದವನ ಹೆಸರು ಪುರಾಣದಲ್ಲಿಲ್ಲ. ಮುಂದೆ ಸೇನಾನಿಗಳೆಲ್ಲ ಒಬ್ಬೊಬ್ಬರಾಗಿ ಸತ್ತ ಬಳಿಕ ಮಹಿಷ ಕೋಣವಾಗುತ್ತಾನೆ, ಸಿಂಹವಾಗುತ್ತಾನೆ, ಕತ್ತಿ ಹಿಡಿದ ಮನುಷ್ಯನಾಗುತ್ತಾನೆ, ಆನೆಯಾಗುತ್ತಾನೆ, ಮತ್ತೆ ಕೋಣವಾಗುತ್ತಾನೆ. ರೂಪ ಬದಲಿಸುವ ವಿದ್ಯೆ ನಾಯಕನಿಗಿತ್ತು. ಹಿಂಬಾಲಿಸಿದವರು ಹುಟ್ಟಿದ ರೂಪದಲ್ಲೇ ಸತ್ತರು.

ಗುಡಿಯ ಒಳಗೆ ಇನ್ನೊಂದು ಬಗೆಯ ಅನುಯಾಯಿ ಇದ್ದಾನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ದೇವಾಲಯವನ್ನು ಜೀರ್ಣೋದ್ಧಾರ ಮಾಡಿ ಗೋಪುರ ಕಟ್ಟಿಸಿದರು. ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸದ ಮೂವರು ರಾಣಿಯರೊಡನೆ ಕೈಮುಗಿದು ನಿಂತ ತಮ್ಮ ಆಳೆತ್ತರದ ಭಕ್ತವಿಗ್ರಹವನ್ನು ಹೆಸರು ಕೊರೆಸಿ ನಿಲ್ಲಿಸಿದರು. ಊರಿಗೆ ಒಡೆಯನಾದವನು ಇಲ್ಲಿ ಆಳು. ಆಳು ಒಡೆಯನಿಗೆ, ಒಡೆಯ ದೇವಿಗೆ ಎಂಬ ಈ ಸರಪಳಿಯಲ್ಲಿ ಪ್ರತಿಯೊಬ್ಬನ ಮುಖವೂ ಮೇಲಕ್ಕಿದೆ. ಕೆಳಗಿನವರಿಗೆ ಆದದ್ದಕ್ಕೆ ಯಾರು ಉತ್ತರ ಹೇಳಬೇಕು ಎಂಬುದು ಆ ನೋಟದಲ್ಲಿ ಕಾಣುವುದಿಲ್ಲ.

2. ಋಣದ ಲೆಕ್ಕ

ನಿಷ್ಠೆಗೆ ಕನ್ನಡದ ಮಾತುಗಳು ಬಹುಪಾಲು ಊಟದ ಮಾತುಗಳು. ಉಪ್ಪಿನ ಋಣ, ಅನ್ನದ ಋಣ, ಉಂಡ ಮನೆಗೆ ಎರಡು ಬಗೆಯಬೇಡ. ಶಾಸನಗಳ 'ಜೋಳವಾಳಿ'ಯೂ ಇದೇ: ಒಡೆಯನ ಜೋಳ ಉಂಡದ್ದಕ್ಕೆ ರಣದಲ್ಲಿ ಸಲ್ಲಿಸುವ ತೀರುವಳಿ. 'ವೇಳೆವಾಳಿ' ಅದಕ್ಕಿಂತ ಕಠಿಣ. ವೇಳೆ ಬಂದಾಗ ಪ್ರಾಣ ಕೊಡುತ್ತೇನೆ ಎಂಬ ಮುಂಗಡ ಪ್ರತಿಜ್ಞೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಈ ಪದಗಳ ಲೋಕವನ್ನು ನಮಗೆ ತೆರೆದಿಟ್ಟ ಗ್ರಂಥ. ಅಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಲೆಕ್ಕದ ಪುಸ್ತಕದಲ್ಲಿ ಖರ್ಚು ಯಾರ ಹೆಸರಿಗೆ ಬೀಳುತ್ತಿತ್ತು?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಅವನು ಮಗನಂತೆ ಬೆಳೆಸಿದ್ದ ದಂಡನಾಯಕ ಕುವರಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಡನೆ, ಒಂದು ಸಾವಿರ ವೀರರೊಡನೆ ಪ್ರಾಣ ಕೊಟ್ಟ ವಿಷಯವನ್ನು ಅಲ್ಲಿಯ ಶಾಸನ ಸಾರುತ್ತದೆ. ಕಂಬದ ಮೇಲಿನ ಕೆತ್ತನೆಯನ್ನು ಹತ್ತಿರದಿಂದ ನೋಡಬೇಕು. ಹೊರಗಿನ ಶತ್ರು ಒಬ್ಬನೂ ಅದರಲ್ಲಿ ಇಲ್ಲ. ಮನುಷ್ಯರು ತಮ್ಮ ಕೈಕಾಲುಗಳನ್ನು, ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು ಇಂಥದೇ ಒಂದು ಮನೆತನದ ದಾಖಲೆ. ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರೊಡನೆ 'ಗರುಡ'ರಾಗಿ ಸತ್ತವರ ವಂಶ ಅದು.

ಇಂದಿನ ಕಣ್ಣಿಗೆ ಇದು ಭೀಕರ. ಆದರೂ ಈ ಭೀಕರತೆಗೆ ಒಂದು ನೇರವಂತಿಕೆ ಇದೆ: ಒಡೆಯನ ಋಣವನ್ನು ತನ್ನ ಮೈಯಿಂದಲೇ ತೀರಿಸಬೇಕು, ಪರರ ಮೈಯಿಂದ ತೀರಿಸುವಂತಿಲ್ಲ. ಹಾಗೆಂದು ಇದನ್ನು ಪೂರ್ತಿ ಒಪ್ಪಿಕೊಳ್ಳುವುದೂ ಕಷ್ಟ. ಕುವರಲಕ್ಷ್ಮನ ಪ್ರತಿಜ್ಞೆ ಕುವರಲಕ್ಷ್ಮನದು. ಸಾವಿರ ಮಂದಿಯಲ್ಲಿ ಪ್ರತಿಯೊಬ್ಬನೂ ಅದನ್ನು ತಾನೇ ಆಯ್ದುಕೊಂಡನೆ? ಗರುಡನ ಜೊತೆ ಸತ್ತ ಹೆಂಡಿರನ್ನು, ಲೆಂಕರೆಂಬ ಆಳುಗಳನ್ನು ಯಾರು ಕೇಳಿದರು? ನಿಷ್ಠೆಯ ಅತ್ಯಂತ ಪ್ರಾಮಾಣಿಕ ರೂಪದಲ್ಲೂ ಬೆಲೆ ಒಬ್ಬನಿಂದ ಇನ್ನೊಬ್ಬನಿಗೆ ಜಾರಲು ಶುರುವಾಗಿತ್ತು ಎಂಬುದನ್ನು ಗುರುತಿಸಿಕೊಳ್ಳಬೇಕು.

ಹತ್ತನೆಯ ಶತಮಾನದ ಆತಕೂರು ಶಾಸನ ಇದಕ್ಕೆ ಒಳ್ಳೆಯ ಹೋಲಿಕೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಗಂಗ ಬೂತುಗನಿಂದ ಮೆಚ್ಚುಗೆಯಾಗಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ ಎಂದು ನಾವು ಈಗಲೂ ಆಡಿಕೊಳ್ಳುತ್ತೇವೆ. ಕಾಳಿಯ ನಿಯತ್ತಿಗೆ ಕಳಂಕವಿಲ್ಲ ನಿಜ. ಹಂದಿಯ ಮೇಲೆ ಏಕೆ ಬಿದ್ದೆ ಎಂದು ನಾಯಿಯನ್ನು ಯಾರೂ ಕೇಳುವಂತಿಲ್ಲ. ಮನುಷ್ಯನನ್ನು ಕೇಳಬಹುದು, ಆದ್ದರಿಂದಲೇ ಅವನ ನಿಯತ್ತಿನ ಅಳತೆಗೋಲು ಬೇರೆ.

ಪಂಪನ ಕರ್ಣ ಈ ಅಳತೆಗೆ ಸಿಕ್ಕುವ ಮನುಷ್ಯ. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಕನ್ನಡ ಮನಸ್ಸು ಅವನಿಗಾಗಿ ಸಾವಿರ ವರ್ಷದಿಂದ ಮರುಗಿದೆ. ಆದರೆ ಕರ್ಣನದು ಕುರುಡು ನಿಷ್ಠೆಯಲ್ಲ. ಅವನು ಎಲ್ಲವನ್ನೂ ಕಂಡವನು. ಕಂಡು, ಬೆಲೆ ಎಷ್ಟೆಂದು ತಿಳಿದು, ತನ್ನ ಪ್ರಾಣವನ್ನು ಅದಕ್ಕೆ ಇಟ್ಟವನು. ಅವನ ಬಾಣಕ್ಕೆ ಸತ್ತವರ ಲೆಕ್ಕ ಆ ಕರುಣೆಯಲ್ಲಿ ಮರೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಅನುಯಾಯಿಯ ದುರಂತಕ್ಕೆ ಮರುಗುವಾಗ ಅವನ ಹೊಣೆಯನ್ನು ಮನ್ನಾ ಮಾಡಿಬಿಡುವ ಅಭ್ಯಾಸ ನಮಗೆ ಕಾವ್ಯದಿಂದಲೂ ಬಂದಿರಬಹುದು.

3. ಷರತ್ತು: ಅಪ್ಪಣೆ ಕೆಳಗಿಳಿದ ಬಗೆ

ಬೆಟ್ಟದ ಗುಡಿಯಲ್ಲಿ ಕೈಮುಗಿದು ನಿಂತ ಅದೇ ಮುಮ್ಮಡಿಯವರ ಆಳ್ವಿಕೆಯಲ್ಲಿ ಈ ಜಾರುವಿಕೆಗೆ ಒಂದು ಆಡಳಿತದ ರೂಪವಿತ್ತು. ಅದರ ಹೆಸರು 'ಷರತ್ತು'. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ವಸೂಲು ಮಾಡಿಕೊಡುವುದಾಗಿ ಕರಾರು ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಕಟ್ಟಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ರೈತರನ್ನು ಪೀಡಿಸುವುದಿಲ್ಲ ಎಂಬ ಮಾತೂ ಅದೇ ಕರಾರಿನಲ್ಲಿ ಇರುತ್ತಿತ್ತು, ಹೆಸರಿಗೆ.

ಇದರ ಕೆಲಸ ನೋಡಿ. ಅರಮನೆ ಪೀಡಿಸು ಎಂದು ಹೇಳಲಿಲ್ಲ. ಬೇಡ ಎಂದೇ ಬರೆಸಿಕೊಂಡಿತು. ಅಮಲ್ದಾರ ಸ್ವಂತಕ್ಕೆ ಪೀಡಿಸಲಿಲ್ಲ. ಕರಾರಿನ ಮೊತ್ತ ತುಂಬಬೇಕಿತ್ತು. ಶೇಕದಾರ ಅಮಲ್ದಾರನ ಮಾತು ಕೇಳಿದ, ಶಾನುಭೋಗ ಶೇಕದಾರನದು, ಪಟೇಲ ಶಾನುಭೋಗನದು. ರೈತನ ಎತ್ತು ಕೊಟ್ಟಿಗೆಯಿಂದ ಹೊರಟುಹೋಯಿತು, ಆದರೆ ಅದನ್ನು ಬಿಚ್ಚಿದವನು ಯಾರು ಎಂದರೆ ಯಾರೂ ಅಲ್ಲ. ನಿಷ್ಠೆಯ ಬೆಲೆ ಈಗ ಪೂರ್ತಿಯಾಗಿ ನಿಷ್ಠನ ಮೈಯಿಂದ ಇಳಿದು, ನಿಷ್ಠೆಯ ಪ್ರಶ್ನೆಯೇ ಇಲ್ಲದ ಮೂರನೆಯವನ ಮೈಮೇಲೆ ಕೂತಿತ್ತು. ಜೋಳವಾಳಿಗೂ ಷರತ್ತಿಗೂ ಇರುವ ವ್ಯತ್ಯಾಸ ಇದು.

1830ರಲ್ಲಿ ನಗರ ಸೀಮೆಯ ರೈತರು 'ಕೂಟ' ಕಟ್ಟಿದರು. ಅವರ ಸಿಟ್ಟಿಗೆ ಕಾರಣವಿತ್ತು, ದೂರುಗಳು ಸ್ಪಷ್ಟವಾಗಿದ್ದವು. ಆದರೆ ಅಷ್ಟರಲ್ಲಿ ಬೂದಿ ಬಸವಪ್ಪ ಎಂಬವನು ಕೆಳದಿ ಅರಸರ ಮುದ್ರೆಗಳನ್ನು ತೋರಿಸಿ ತಾನೇ ಆ ವಂಶದ ಹಕ್ಕುದಾರ ಎಂದ. ಅನೇಕರು ಅವನ ಹಿಂದೆ ಹೊರಟರು. ಅನ್ಯಾಯ ಮಾಡುವವರಿಗೆ ಒಡೆಯ ಬೇಕಿದ್ದಂತೆ ಅನ್ಯಾಯಕ್ಕೆ ಗುರಿಯಾದವರಿಗೂ ಒಬ್ಬ ಒಡೆಯ ಬೇಕಾಯಿತು. ದಂಗೆಯನ್ನು ಅಡಗಿಸಲಾಯಿತು, 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು. 1833ರ ವಿಚಾರಣಾ ಸಮಿತಿ ದಂಗೆಯ ಕಾರಣಗಳನ್ನು ಕೆದಕಿತು. ಇಡೀ ಪ್ರಸಂಗ ಚರಿತ್ರೆಯಲ್ಲಿ ಉಳಿದದ್ದು ಮುಖ್ಯವಾಗಿ ಅರಸನ ಗುಣದೋಷದ ಚರ್ಚೆಯಾಗಿ. ಎತ್ತು ಬಿಚ್ಚಿದ ಕೈಗಳ ಚರಿತ್ರೆ ಇನ್ನೂ ಬರೆಯಬೇಕಾಗಿದೆ.

4. ಈಸೂರು: ಎರಡೂ ಕಡೆ ಅನುಯಾಯಿಗಳು

ಅನುಯಾಯಿಯ ಹೊಣೆ ಎಂದರೆ ಸರ್ಕಾರಿ ಆಳಿನ ಹೊಣೆ ಮಾತ್ರ ಎಂದುಕೊಂಡರೆ ವಿಚಾರ ಸುಲಭವಾಗಿಬಿಡುತ್ತದೆ. ಶಿಕಾರಿಪುರ ತಾಲ್ಲೂಕಿನ ಈಸೂರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1942ರ ಸೆಪ್ಟೆಂಬರಿನಲ್ಲಿ ಊರು ತಾನು ಸ್ವತಂತ್ರ ಎಂದು ಸಾರಿಕೊಂಡು ತನ್ನದೇ ಸರ್ಕಾರ ಮಾಡಿಕೊಂಡಿತು. ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಪದವಿಗೆ ಊರವರು ಆರಿಸಿದ್ದು ಇಬ್ಬರು ಬಾಲಕರನ್ನು. ಮಕ್ಕಳನ್ನು ಜೈಲಿಗೆ ಹಾಕುವಂತಿಲ್ಲ ಎಂಬ ಯೋಚನೆ. ಜಾಣ್ಮೆ ಮೆಚ್ಚುವಂಥದೇ. ಆದರೆ ಅದರೊಳಗೊಂದು ಒಪ್ಪಿಗೆ ಅಡಗಿದೆ: ಅಧಿಕಾರ ಇರಲಿ, ಹೊಣೆ ಯಾರಿಗೂ ತಗಲದ ಕಡೆ ಇರಲಿ.

ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರು ಊರಿಗೆ ಬಂದರು. ಘರ್ಷಣೆ ನಡೆದು ಇಬ್ಬರೂ ಹತರಾದರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಸತ್ತ ಅಧಿಕಾರಿಗಳು ಮೇಲಿನವರ ಆದೇಶದ ಮೇಲೆ ಬಂದವರು. ಕೊಂದ ಜನ ಅಹಿಂಸೆಯನ್ನು ವ್ರತವಾಗಿಸಿಕೊಂಡಿದ್ದ ನಾಯಕನೊಬ್ಬನ ಕರೆಗೆ ಎದ್ದವರು. ಆ ಗಳಿಗೆಯಲ್ಲಿ ನಾಯಕ ಸೆರೆಯಲ್ಲಿದ್ದ, ಅವನ ಹೆಸರು ಬೀದಿಯಲ್ಲಿತ್ತು. ಹುತಾತ್ಮರೆಂದು ಐವರನ್ನು ನೆನೆಯುವುದು ನ್ಯಾಯವೇ. ಆ ಗೌರವಕ್ಕೆ ಕುಂದು ಬಾರದಂತೆ ಇನ್ನೂ ಒಂದು ಮಾತು ಸೇರಿಸಬಹುದು. ನಾಯಕ ಒಳ್ಳೆಯವನು, ಗುರಿ ಒಳ್ಳೆಯದು ಎಂಬುದು ಕೈಯಲ್ಲಿ ಆದ ಕೃತ್ಯದ ಉತ್ತರವನ್ನು ಬೇರೆಯವರಿಗೆ ದಾಟಿಸುವುದಿಲ್ಲ. ಗಲ್ಲಿಗೇರಿದವರು ಆ ಉತ್ತರವನ್ನು ತಮ್ಮ ಪ್ರಾಣದಿಂದಲೇ ಕೊಟ್ಟರು. ಆ ಮಟ್ಟಿಗೆ ಅವರು ವೇಳೆವಾಳಿಯ ಹಳೆಯ ಲೆಕ್ಕಕ್ಕೆ ಹತ್ತಿರ.

5. ದೊರೆ ಒಳ್ಳೆಯವನು, ದಿವಾನ ಕೆಟ್ಟವನು

1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ನಡೆದಾಗ ಬೆಟ್ಟದ ಕೆಳಗಿನ ಊರು ವಿಚಿತ್ರ ಸಂಕಟದಲ್ಲಿತ್ತು. ಅರಮನೆಯ ಮೇಲೆ ಪ್ರೀತಿ ಇದ್ದವರೇ ಅರಮನೆಯ ಸರ್ಕಾರದ ವಿರುದ್ಧ ಬೀದಿಗಿಳಿಯಬೇಕಿತ್ತು. ಅದಕ್ಕೆ ಜನ ಕಂಡುಕೊಂಡ ದಾರಿ ಘೋಷಣೆಗಳಲ್ಲಿ ಕಾಣುತ್ತದೆ. ಬೈಗುಳವೆಲ್ಲ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಮತ್ತು ಮಹಾರಾಜರ ಕಾರ್ಯದರ್ಶಿ ತಂಬೂಚೆಟ್ಟಿಯವರಿಗೆ. ಜಯಚಾಮರಾಜ ಒಡೆಯರಿಗೆ ಬಹುಮಟ್ಟಿಗೆ ರಿಯಾಯಿತಿ.

ದೊರೆ ಒಳ್ಳೆಯವನು, ಸುತ್ತಲಿನವರು ಕೆಟ್ಟವರು ಎಂಬ ಈ ಸೂತ್ರ ಎರಡಲಗಿನದು. ಒಂದು ಕಡೆ ಅದು ನಿಷ್ಠಾವಂತನಿಗೆ ಪ್ರತಿಭಟಿಸುವ ಧೈರ್ಯ ಕೊಟ್ಟಿತು. ಉಂಡ ಮನೆಗೆ ಎರಡು ಬಗೆದೆ ಎಂಬ ಅಳುಕಿಲ್ಲದೆ ಅವನು ಮೆರವಣಿಗೆಗೆ ಬಂದ. ಇನ್ನೊಂದು ಕಡೆ ಅದು ಹೊಣೆಯನ್ನು ನಡುವಿನವನಲ್ಲಿ ನಿಲ್ಲಿಸಿ, ಮೇಲಿನವನನ್ನೂ ಕೆಳಗಿನವನನ್ನೂ ಉಳಿಸಿತು. ಇಂದಿಗೂ 'ಸಾಹೇಬರು ಒಳ್ಳೆಯವರೇ, ಸುತ್ತ ಇರೋರು ಸರಿ ಇಲ್ಲ' ಎಂಬ ಮಾತನ್ನು ಯಾವ ಪಕ್ಷದ ಕಾರ್ಯಕರ್ತರ ಬಾಯಲ್ಲೂ ಕೇಳಬಹುದು.

ಆ ಸೆಪ್ಟೆಂಬರಿನಲ್ಲಿ ಫೈವ್ ಲೈಟ್ಸ್ ಸರ್ಕಲ್ಲಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿ. ಸ್ಥಳ ಇಂದು ಅವನ ಹೆಸರಿನ ವೃತ್ತ. ದಿನವೂ ಸಾವಿರಾರು ಮಂದಿ ಕಂಡಕ್ಟರಿಗೆ ಆ ಹೆಸರು ಹೇಳಿ ಟಿಕೆಟ್ ಪಡೆಯುತ್ತಾರೆ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಊರು ಅರಮನೆಯನ್ನು ಪ್ರೀತಿಸುವುದನ್ನು ನಿಲ್ಲಿಸಲಿಲ್ಲ, ದಸರಾ ನಿಲ್ಲಲಿಲ್ಲ. ಪ್ರೀತಿ ಉಳಿಸಿಕೊಂಡೇ ವಿಧೇಯತೆಯನ್ನು ಹಿಂದಕ್ಕೆ ಪಡೆಯಬಹುದು ಎಂಬುದಕ್ಕೆ ಮೈಸೂರಿನ ಆ ಎರಡು ತಿಂಗಳು ಸಾಕ್ಷಿ.

6. ಅಪ್ಪಣೆಯೇ ಇಲ್ಲದ ಹಿಂಸೆ

ಇಪ್ಪತ್ತನೆಯ ಶತಮಾನದ ಯೂರೋಪು ಅನುಯಾಯಿಯ ಪ್ರಶ್ನೆಯನ್ನು ಅಪ್ಪಣೆಯ ಪ್ರಶ್ನೆಯಾಗಿ ಕೇಳಿತು. ನ್ಯೂರೆಂಬರ್ಗ್ ತತ್ವಗಳು (1950) ನೈತಿಕ ಆಯ್ಕೆಗೆ ಎಡೆಯಿದ್ದಲ್ಲಿ ಮೇಲಧಿಕಾರಿಯ ಆದೇಶ ಹೊಣೆಯನ್ನು ಅಳಿಸದು ಎಂದವು. ಸ್ಟ್ಯಾನ್ಲಿ ಮಿಲ್‌ಗ್ರಾಂ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಮಂದಿ, ಬೂದುಬಣ್ಣದ ಕೋಟಿನವನ ಮಾತಿಗೆ ಕಟ್ಟುಬಿದ್ದು, ಎದುರಿನವನಿಗೆ ಶಾಕ್ ತಗಲುತ್ತಿದೆ ಎಂದು ನಂಬಿಯೂ 450 ವೋಲ್ಟಿನ ಕೊನೆಯ ಸ್ವಿಚ್ಚನ್ನು ಒತ್ತಿದರು. ನಮ್ಮ ಕಾನೂನೂ ಈ ವಿಷಯದಲ್ಲಿ ಸ್ಪಷ್ಟ. ಭಾರತೀಯ ದಂಡಸಂಹಿತೆಯ 76ನೇ ಕಲಂ, ಈಗಿನ ನ್ಯಾಯಸಂಹಿತೆಯ 14ನೇ ಕಲಂ, ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನಿಗೆ ರಕ್ಷಣೆ ಕೊಡುವುದು ಆದೇಶ ಕಾನೂನಿಗೆ ಅನುಗುಣವಾಗಿದ್ದರೆ ಮಾತ್ರ. 'ಮೇಲಿನವರ ಆರ್ಡರ್' ಎಂಬ ಎರಡೇ ಮಾತಿಗೆ ಕಾನೂನಿನ ರಕ್ಷಣೆ ಇಲ್ಲ.

ಆದರೆ ನಮ್ಮಲ್ಲಿ ಅಪ್ಪಣೆಯೇ ಇಲ್ಲದ ನಿಷ್ಠೆಯೂ ಇದೆ, ಅದು ಹೆಚ್ಚು ಕಠಿಣ ಪ್ರಶ್ನೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ದುಃಖ ಬೆಂಗಳೂರಿನ ಬೀದಿಗಳಲ್ಲಿ ಗಲಭೆಯಾಯಿತು. ಪೊಲೀಸ್ ಪೇದೆಯೊಬ್ಬರೂ ಸೇರಿ 8 ಮಂದಿ ಸತ್ತರು. ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯ ಯಾರಿಗೂ ಏನನ್ನೂ ಆದೇಶಿಸಿರಲಿಲ್ಲ, ಆದೇಶಿಸುವ ಸ್ಥಿತಿಯಲ್ಲೂ ಇರಲಿಲ್ಲ. ಇಲ್ಲಿ ಮೇಲೆ ಬೆರಳು ತೋರಿಸಲು ಯಾರೂ ಇಲ್ಲ. ಹಳೇಬೀಡಿನ ಕಂಬದ ಪಕ್ಕ ಈ ಪ್ರಸಂಗವನ್ನು ಇಟ್ಟು ನೋಡಿದರೆ ಎಂಟು ನೂರು ವರ್ಷಗಳಲ್ಲಿ ಆದ ಬದಲಾವಣೆ ಕಾಣುತ್ತದೆ. ಒಡೆಯ ಸತ್ತಾಗ ವೇಳೆವಾಳಿಯವನು ಕತ್ತಿಯನ್ನು ತನ್ನ ಕೊರಳಿಗೆ ಹಿಡಿದ. ನಮ್ಮ ಕಾಲದ ಗುಂಪು ಕಲ್ಲನ್ನು ಬೇರೆಯವರ ಮೇಲೆ ಎಸೆಯಿತು. ಭಾಷೆ ಮಾತ್ರ ಅದೇ: ಋಣ, ಅಭಿಮಾನ, ಪ್ರಾಣ ಬೇಕಾದರೂ ಕೊಟ್ಟೇವು.

ಬಿ.ಆರ್. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನದ, ಕೊನೆಗೆ ಸರ್ವಾಧಿಕಾರದ ದಾರಿ ಎಂಬುದು ಅವರ ಮಾತಿನ ತಾತ್ಪರ್ಯ. ಅವರು ದೂರಿದ್ದು ನಾಯಕನನ್ನಲ್ಲ, ಸ್ವಾತಂತ್ರ್ಯವನ್ನು ತಾನಾಗಿ ಒಯ್ದು ಅವನ ಪಾದದಲ್ಲಿಡುವ ಪ್ರಜೆಯನ್ನು.

7. ಆಣೆ ಎಂಬ ಪದದ ಎರಡು ಅರ್ಥ

2019ರ ಅಕ್ಟೋಬರಿನಲ್ಲಿ ಜೆಡಿಎಸ್‌ನ ಸಾ.ರಾ. ಮಹೇಶ್ ಮತ್ತು ಆ ಪಕ್ಷ ತೊರೆದಿದ್ದ ಎಚ್. ವಿಶ್ವನಾಥ್, ಪರಸ್ಪರ ಆರೋಪಗಳ ಸತ್ಯಪರೀಕ್ಷೆಯ ಸವಾಲಿನ ಮೇಲೆ ಒಂದೇ ದಿನ ಚಾಮುಂಡಿ ಬೆಟ್ಟಕ್ಕೆ ಬಂದರು. ಆಣೆಗೆ ಬೆಟ್ಟ ಹತ್ತುವುದು ಈ ಸೀಮೆಯಲ್ಲಿ ಹೊಸತಲ್ಲ. ಆ ವರ್ಷ 17 ಶಾಸಕರು ಅನರ್ಹರಾಗಿದ್ದರು; ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತು. ಬೆಟ್ಟದ ಜಿಲ್ಲೆಯದೇ ಆದ ಹುಣಸೂರಿನಲ್ಲಿ ಮತದಾರರು ಬೇರೆ ತೀರ್ಮಾನ ಕೊಟ್ಟರು. ಯಾವ ತೀರ್ಮಾನ ಸರಿ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಶಾಸಕನನ್ನು ಪಕ್ಷದ ವಿಪ್‌ಗೆ ಕಟ್ಟಿಹಾಕುತ್ತದೆ. ಮತದಾರನಿಗೆ ವಿಪ್ ಇಲ್ಲ. ನಾಯಕ ರೂಪ ಬದಲಿಸಿದಾಗ ಹಿಂದೆ ಹೋಗುವುದೋ ನಿಲ್ಲುವುದೋ ಎಂಬುದನ್ನು ಅವನು ತಾನೇ ತೀರ್ಮಾನಿಸುತ್ತಾನೆ, ಆದ್ದರಿಂದ ಅದರ ಉತ್ತರವೂ ಅವನದೇ.

'ಆಣೆ' ಎಂಬ ಪದವೇ ಈ ಚರ್ಚೆಯ ಗಂಟು. ಸಂಸ್ಕೃತದ ಆಜ್ಞಾ ಪ್ರಾಕೃತದಲ್ಲಿ ಆಣಾ ಆಗಿ ನಮ್ಮಲ್ಲಿಗೆ ಬಂತು. ಹಳೆಯ ಕನ್ನಡದಲ್ಲಿ ಅದು ಅರಸನ ಆಜ್ಞೆಯೂ ಹೌದು, ಮನುಷ್ಯ ತನ್ನನ್ನು ತಾನೇ ಕಟ್ಟಿಕೊಳ್ಳುವ ಶಪಥವೂ ಹೌದು. ಒಂದೇ ಪದ ಮೇಲಿನಿಂದ ಇಳಿದು ಬರುತ್ತದೆ, ಒಳಗಿನಿಂದಲೂ ಏಳುತ್ತದೆ. ಮೊದಲ ಅರ್ಥ ಇಂದಿನ ಮಾತಿನಿಂದ ಹೆಚ್ಚುಕಡಿಮೆ ಮರೆಯಾಗಿ ಎರಡನೆಯದು ಉಳಿದಿದೆ. ಆದರೆ ನಾವು ಆಣೆ ಇಡುವ ರೀತಿಯಲ್ಲೇ ಹಳೆಯ ಚಟ ಇಣುಕುತ್ತದೆ: ತಾಯಾಣೆ, ಮಕ್ಕಳ ಮೇಲಾಣೆ. ಸುಳ್ಳಾದರೆ ಬೆಲೆ ತೆರಬೇಕಾದವರು ಇನ್ನೊಬ್ಬರು.

ಈ ಲೇಖನ ಕಂಡುಕೊಂಡ ಅಳತೆಗೋಲು ಸರಳವಾದದ್ದು. ನಿಷ್ಠೆ ಕುರುಡೋ ಅಲ್ಲವೋ ಎಂದು ಅಳೆಯಲು ಅನುಯಾಯಿಯ ಕಣ್ಣನ್ನು ಪರೀಕ್ಷಿಸಬೇಕಿಲ್ಲ. ಆ ನಿಷ್ಠೆಯ ಬೆಲೆಯನ್ನು ಯಾರು ಕೊಟ್ಟರು ಎಂದು ಕೇಳಿದರೆ ಸಾಕು. ಜೋಳವಾಳಿ, ಷರತ್ತು, ಈಸೂರಿನ ಬಾಲಕ ಅಮಲ್ದಾರ, ಏಪ್ರಿಲ್ ತಿಂಗಳ ಕಲ್ಲು ಎಲ್ಲವೂ ಈ ಒಂದು ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು.

ಆಷಾಢದ ಒಂದು ಶುಕ್ರವಾರ ಬೆಟ್ಟದ ಮೆಟ್ಟಿಲುಗಳಲ್ಲಿ ಹರಕೆ ಹೊತ್ತ ಹೆಂಗಸೊಬ್ಬರನ್ನು ಕಂಡೆ. ದೊಡ್ಡದೇವರಾಜ ಒಡೆಯರ ಕಾಲದ (1659–1673) ಆ ಸಾವಿರ ಮೆಟ್ಟಿಲುಗಳಲ್ಲಿ ಪ್ರತಿಯೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಬೆರಳ ತುದಿ ಕೆಂಪಾಗಿತ್ತು, ಸೊಂಟ ಹಿಡಿದುಕೊಂಡಿತ್ತು. ಜೊತೆಯಲ್ಲಿದ್ದ ಹುಡುಗಿ, 'ಅಮ್ಮ, ಸ್ವಲ್ಪ ನಾನು ಹಚ್ಚಲಾ?' ಎಂದಳು. 'ಹರಕೆ ನಂದು ಕಣೇ, ನಾನೇ ಹಚ್ಚಬೇಕು' ಎಂದು ಅವರು ಮುಂದಿನ ಮೆಟ್ಟಿಲಿಗೆ ಬಗ್ಗಿದರು.

'ನನ್ನೊಬ್ಬನಿಂದ ಏನಾಗುತ್ತೆ?' ಎಂಬುದು ಅನುಯಾಯಿಯ ಕೊನೆಯ ಆಸರೆ. ಉದಗ್ರನ 60,000 ರಥಗಳಲ್ಲಿ ಒಬ್ಬ ಸಾರಥಿ ಲಗಾಮು ಜಗ್ಗಿ ನಿಂತಿದ್ದರೆ ಮಹಿಷನ ಕತೆ ಬದಲಾಗುತ್ತಿರಲಿಲ್ಲ ಎಂಬುದು ನಿಜ. ರಣಕ್ಕೆ ಹೋದ ರಥಗಳು ಮಾತ್ರ 59,999 ಆಗುತ್ತಿದ್ದವು. ಆ ಒಂದರ ಲೆಕ್ಕವನ್ನು ಮಹಿಷನ ಹೆಸರಿಗೆ ಬರೆಯಲು ಬರುವುದಿಲ್ಲ.